ಹೊರಗೆ ಕೂತವರ ಸಾಲು

ಕಳೆದ ತಿಂಗಳು ಫಳ್ನೀರಿನ ಹೋಟೆಲೊಂದರ ತಂಪು ಸಭಾಂಗಣದಲ್ಲಿ ನನ್ನ ಕೈಗೊಂದು ಪ್ಲಾಸ್ಟಿಕ್ ವಿಸಿಲ್ ಬಂತು. ಎಪ್ಪತ್ತು ದಾಟಿದ ಮನುಷ್ಯನಿಗೆ ವಿಸಿಲ್ ಯಾಕೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಹೊಸದಾಗಿ ಮ್ಯಾನೇಜರುಗಳಾದವರಿಗೆ, ಅಪ್ಪನ ಅಥವಾ ಮಾವನ ವ್ಯಾಪಾರ ವಹಿಸಿಕೊಂಡ ಎಳೆಯರಿಗೆ ಅಲ್ಲೊಂದು ದಿನದ ತರಬೇತಿ ನಡೆದಿತ್ತು. ವಿಷಯ, ನಾಯಕ ಎಂದರೆ ಕೋಚ್. ಟೀ ಶರ್ಟು ತೊಟ್ಟ ತರಬೇತುದಾರ ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ವಿಸಿಲ್ ಹಂಚಿ, “ಇವತ್ತಿನಿಂದ ನಿಮ್ಮ ಆಫೀಸೇ ನಿಮ್ಮ ಗ್ರೌಂಡು” ಎಂದ. ನನ್ನನ್ನು ಕರೆದದ್ದು ಊಟಕ್ಕೆ ಮುಂಚಿನ ಅರ್ಧ ಗಂಟೆ ಅನುಭವಸ್ಥನಾಗಿ ಮಾತಾಡಲಿಕ್ಕೆ. ಊಟಕ್ಕೆ ಮುಂಚಿನ ಹೊತ್ತನ್ನು ಯಾವಾಗಲೂ ಹಿರಿಯರಿಗೇ ಕೊಡುತ್ತಾರೆ. ಹಸಿದವರು ಪ್ರಶ್ನೆ ಕೇಳುವುದಿಲ್ಲ ಎಂಬ ಧೈರ್ಯ ಇರಬೇಕು.

ವಿಸಿಲನ್ನು ಸುಮ್ಮನೆ ತುಟಿಗಿಟ್ಟು ನೋಡಿದೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಶೀನ ಮಾಸ್ಟ್ರು ನೆನಪಾದರು. ವಿಚಿತ್ರವೆಂದರೆ ಅವರು ವಿಸಿಲ್ ಊದಿದವರೇ ಅಲ್ಲ. ಉಳಿದ ತಂಡಗಳ ಕೋಚುಗಳೆಲ್ಲ ಕುತ್ತಿಗೆಗೆ ವಿಸಿಲ್ ತೂಗಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಇವರ ಕುತ್ತಿಗೆಯಲ್ಲಿ ಇರುತ್ತಿದ್ದದ್ದು ಮುಖ ಒರೆಸುವ ಒಂದು ಬೈರಾಸು. ಯಾರನ್ನಾದರೂ ಕರೆಯಬೇಕಾದರೆ ಎದ್ದು ಅವನಿದ್ದಲ್ಲಿಗೆ ನಡೆದುಕೊಂಡು ಹೋಗುತ್ತಿದ್ದರು. ಬೈಯಬೇಕಾದರೂ ಅಷ್ಟೆ. ಮೈದಾನದ ಆ ತುದಿಯಿಂದ ಅವರು ನಮ್ಮ ಕಡೆಗೆ ನಡೆದು ಬರುವುದನ್ನು ನೋಡುತ್ತ ನಿಲ್ಲುವುದಿದೆಯಲ್ಲ, ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನಾಗ ಕಾಲೇಜಿನಲ್ಲಿದ್ದೆ. ಫಳ್ನೀರಿನಲ್ಲಿ ಇಷ್ಟು ಆಸ್ಪತ್ರೆ, ಇಷ್ಟು ಮೆಡಿಕಲ್ ಅಂಗಡಿ ಇರಲಿಲ್ಲ. ದೊಡ್ಡ ಕಂಪೌಂಡುಗಳ ನಡುವೆ ಯಾರೂ ಕೇಳದ ಖಾಲಿ ಜಾಗಗಳಿದ್ದವು. ಅಂಥದ್ದೊಂದರಲ್ಲಿ, ಹಲಸಿನ ಮರದ ಪಕ್ಕ, ನಮ್ಮ ಕಬಡ್ಡಿ ಅಂಕಣ. ಕೆಂಪು ಮಣ್ಣನ್ನು ಜರಡಿ ಹಿಡಿದು, ಕಲ್ಲು ಹೆಕ್ಕಿ, ನೀರು ಚಿಮುಕಿಸಿ ಅದನ್ನು ಹದ ಮಾಡುವುದೇ ಅರ್ಧ ಗಂಟೆಯ ಕೆಲಸ. ಹೊಸ ಬನಿಯನ್ ಒಂದೇ ವಾರದಲ್ಲಿ ಕೆಂಪಾಗುತ್ತಿತ್ತು. ಅದನ್ನು ಒಗೆಯುವಾಗ ಅಮ್ಮ ಮಾಸ್ಟ್ರ ಹೆಸರೆತ್ತಿ ಒಂದೆರಡು ಮಾತು ಹೇಳುವುದಿತ್ತು. ಅದನ್ನು ಇಲ್ಲಿ ಬರೆಯುವುದು ಬೇಡ.

ಮಾಸ್ಟ್ರು ಪ್ರಾಥಮಿಕ ಶಾಲೆಯೊಂದರ ಡ್ರಿಲ್ ಮಾಸ್ಟ್ರು. ಶಾಲೆ ಬಿಟ್ಟ ಮೇಲೆ ನಮಗೆ ಕಬಡ್ಡಿ ಹೇಳಿಕೊಡುತ್ತಿದ್ದರು. ಮಾತು ಕಡಿಮೆ, ಅದೂ ತುಳುವಿನಲ್ಲಿ. ಇಲ್ಲಿ ಬರೆಯುವಾಗ ಅದನ್ನು ನಮ್ಮೂರಿನ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ. ಅರ್ಧ ರುಚಿ ಹಾಗೆಯೇ ಹೋಯಿತು, ಏನು ಮಾಡುವುದು.

ನಾನು ಸೇರಿದ ಮೊದಲ ತಿಂಗಳು ಅವರು ನನಗೆ ಎದುರಾಳಿಯನ್ನು ಮುಟ್ಟಲಿಕ್ಕೇ ಬಿಡಲಿಲ್ಲ. ಅಂಕಣದ ತುದಿಯಲ್ಲಿ ನಿಲ್ಲಿಸಿ, ಅಲ್ಲಿಂದ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ನಡುಗೆರೆಗೆ ಮರಳುವುದು, ಅದಷ್ಟೇ ಅಭ್ಯಾಸ. ನೂರು ಸಲ, ಇನ್ನೂರು ಸಲ. ನನಗೋ ರೈಡಿಗೆ ನುಗ್ಗಿ ನಾಲ್ಕು ಜನರನ್ನು ಹೊಡೆದು ಬರುವ ಆಸೆ.

“ಮಾಸ್ಟ್ರೇ, ಮುಂದೆ ಹೋಗುದು ಯಾವಾಗ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಹೋಗ್ಲಿಕ್ಕೆ ಎಂತ ಉಂಟು ಮಾರಾಯ, ಎಲ್ಲರೂ ಹೋಗ್ತಾರೆ. ನೀನು ಬರ್ಲಿಕ್ಕೆ ಕಲಿ.”

ಆಗ ಸಿಟ್ಟು ಬಂದಿತ್ತು. ಮುಂದೆ ವ್ಯಾಪಾರಕ್ಕೆ ಇಳಿದ ಮೇಲೆ ಈ ಮಾತು ನನ್ನನ್ನು ಎರಡು ಸಲ ಉಳಿಸಿತು. ಒಮ್ಮೆ ಗೆಳೆಯರೆಲ್ಲ ಸೇರಿ ಬಂದರಿನ ಹತ್ತಿರ ಲಾಡ್ಜು ಕಟ್ಟುವ ಹುಮ್ಮಸ್ಸಿನಲ್ಲಿದ್ದಾಗ, ನಡೆಯದಿದ್ದರೆ ಇದರಿಂದ ಹೊರಗೆ ಬರುವುದು ಹೇಗೆ ಎಂದು ನಾನೊಬ್ಬನೇ ಕೇಳಿದೆ. ಉಳಿದವರು ನಕ್ಷೆ ಬಿಚ್ಚಿ ಕೂತರು, ನಾನು ಸೇರಲಿಲ್ಲ. ಆ ಲಾಡ್ಜಿನ ಅಡಿಪಾಯದ ಮೇಲೆ ಈಗಲೂ ಹುಲ್ಲು ಬೆಳೆದಿದೆ. ಎರಡನೆಯ ಸಲದ್ದನ್ನು ಹೇಳುವುದಿಲ್ಲ, ಅದರಲ್ಲಿ ಸಿಕ್ಕಿಬಿದ್ದವರು ನಮ್ಮ ಸಂಬಂಧಿಕರೇ.

ಕಬಡ್ಡಿ ಗೊತ್ತಿಲ್ಲದವರಿಗೆ ಒಂದು ನಿಯಮ ಹೇಳಬೇಕು. ಔಟಾದವನು ಅಂಕಣದ ಹೊರಗೆ ಸಾಲಾಗಿ ಕೂರಬೇಕು. ಅವನ ತಂಡದವರು ಎದುರಿನ ಒಬ್ಬನನ್ನು ಔಟು ಮಾಡಿದರೆ ಹೊರಗೆ ಕೂತವರಲ್ಲಿ ಒಬ್ಬ ಒಳಗೆ ಬರಬಹುದು. ಯಾರು ಬರಬೇಕು? ಎಲ್ಲರಿಗಿಂತ ಮೊದಲು ಔಟಾದವನು. ಅವನೆಷ್ಟೇ ಸಾಧಾರಣ ಆಟಗಾರನಾಗಿರಲಿ, ಹಿಂದೆ ಎಂಥ ಹುಲಿಯೇ ಕೂತಿರಲಿ, ಸರದಿ ಅವನದೇ.

ಮಾಸ್ಟ್ರು ಪಂದ್ಯ ನೋಡುತ್ತಿದ್ದದ್ದು ಈ ಸಾಲಿನ ತುದಿಯಲ್ಲಿ ಕೂತು. ಉಳಿದ ಕೋಚುಗಳು ಗೆರೆಯ ಪಕ್ಕ ನಿಂತು ಆಡುವವರ ಮೇಲೆ ಕಿರುಚುತ್ತಿದ್ದರೆ ಇವರು ಔಟಾದವನ ಪಕ್ಕ ನೆಲದ ಮೇಲೆ ಕುಳಿತು ಅವನಿಗೆ ಬೈರಾಸು ಕೊಡುತ್ತಿದ್ದರು. ಮೊದಲು ಅವನು ಮುಖ ಒರೆಸಬೇಕು, ಎರಡು ಗುಟುಕು ನೀರು ಕುಡಿಯಬೇಕು. ಆಮೇಲೆ, “ಎಂತ ಕಂಡಿ?” ಎಂದು ಕೇಳುತ್ತಿದ್ದರು. ನೀನು ಎಂತ ತಪ್ಪು ಮಾಡಿದ್ದಿ ಎಂದು ಕೇಳಿದ್ದು ನಾನು ಕಾಣೆ. ಅವನು ಕಂಡದ್ದನ್ನು ಹೇಳುತ್ತಿದ್ದ. ಎದುರಿನವನ ಎಡಗಾಲು ನಿಧಾನ, ಮೂಲೆಯವನು ಬೇಗ ಹಾರುತ್ತಾನೆ, ಹೀಗೆ. ಒಳಗೆ ಹೋಗುವಾಗ ಅವನು ಸೋತು ಬಂದವನ ಹಾಗೆ ಹೋಗುತ್ತಿರಲಿಲ್ಲ.

ಈಗ ನನ್ನ ಮೊದಲ ಅಪರಾಧಕ್ಕೆ ಬರುತ್ತೇನೆ. ಬಜಪೆಯ ಕಡೆ, ಕೊಯ್ಲಾದ ಗದ್ದೆಯಲ್ಲಿ ಒಂದು ಪಂದ್ಯಾವಳಿಯ ಫೈನಲ್. ನಾನು ಕ್ಯಾಪ್ಟನ್. ಒಂದು ಅಂಕ ಹಿಂದೆ ಇದ್ದೆವು, ಆಟ ಮುಗಿಯಲು ಎರಡು ಮೂರು ನಿಮಿಷ. ನಮ್ಮವರು ಇಬ್ಬರು ಹೊರಗೆ ಕೂತಿದ್ದರು. ಮೊದಲು ಔಟಾದವನು ವಾಮನ, ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಸಣಕಲ, ತಂಡಕ್ಕೆ ಜನ ಸಾಲದೆ ಸೇರಿಸಿಕೊಂಡವನು. ಎರಡನೆಯವನು ಸದಾನಂದ, ಹಿಡಿದರೆ ಬಿಡದವನು. ನಾನು ರೈಡಿಗೆ ಹೋಗಿ ಒಬ್ಬನನ್ನು ಮುಟ್ಟಿ ಬಂದೆ. ಅಂಕ ಸಮ ಆಯಿತು. ಒಬ್ಬ ಒಳಗೆ ಬರಬಹುದು. ಧೂಳೆದ್ದಿತ್ತು, ಜನ ಕೂಗುತ್ತಿದ್ದರು, ಅಂಪೈರು ಅಂಕ ಬರೆಸುತ್ತಿದ್ದರು. ನಾನು ಸದಾನಂದನಿಗೆ ಕೈ ಮಾಡಿದೆ. ಅವನು ಓಡಿ ಬಂದ. ಎದುರಿನವರ ರೈಡರನ್ನು ಸೊಂಟಕ್ಕೆ ಹಿಡಿದು ಕೆಡವಿಯೂ ಬಿಟ್ಟ. ನಾವು ಒಂದು ಅಂಕ ಮುಂದೆ!

ಆಗ ಸಾಲಿನ ತುದಿಯಿಂದ ಮಾಸ್ಟ್ರು ಎದ್ದರು. ನಡೆದುಕೊಂಡು, ಅದೇ ನಡಿಗೆ, ಅಂಪೈರರ ಹತ್ತಿರ ಹೋಗಿ ಏನೋ ಹೇಳಿದರು. ನಮ್ಮವರು ಸರದಿ ತಪ್ಪಿಸಿದ್ದಾರೆ ಎಂದು ಎದುರಿನ ತಂಡಕ್ಕೂ ಗೊತ್ತಾಗಿರಲಿಲ್ಲ. ನಮ್ಮ ಕೋಚೇ ಹೋಗಿ ಹೇಳಿದ್ದು. ಆ ಹಿಡಿತ ಲೆಕ್ಕಕ್ಕಿಲ್ಲ ಎಂದರು, ಮೇಲಿಂದ ಅವರಿಗೊಂದು ಅಂಕ. ಸೋತೆವು. ಬಸ್ಸಿನಲ್ಲಿ ಬರುವಾಗ ತಂಡದ ಅರ್ಧ ಜನ ಮಾಸ್ಟ್ರ ಜೊತೆ ಮಾತಾಡಲಿಲ್ಲ. ನಾನಂತೂ ಹಿಂದಿನ ಸೀಟಿನಲ್ಲಿ ಕುಳಿತು, ಇನ್ನು ಈ ಮನುಷ್ಯನ ಮುಖ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ.

ಮರುದಿನ ಅವರು ನನ್ನ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದರು. ಕಪ್ ಹೋದದ್ದರ ಸುದ್ದಿಯೇ ಇಲ್ಲ.

“ನೀನು ಮುಟ್ಟಿ ಬಂದಾಗ ವಾಮನ ಎದ್ದು ನಿಂತಿದ್ದ. ಮಣ್ಣು ಕೊಡವಿಕೊಂಡ. ಮತ್ತೆ ಕೂತ. ನೀನು ನೋಡಿದ್ದಿ ಅಲ್ವಾ?”

ನೋಡಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಶಾಲೆಗೆ ಹೊತ್ತಾಯಿತೆಂದು ಹೋದರು. ವಾಮನ ಅನಂತರವೂ ಅಭ್ಯಾಸಕ್ಕೆ ಬರುತ್ತಿದ್ದ. ನನ್ನ ಜೊತೆ ಚೆನ್ನಾಗಿಯೇ ಇದ್ದ. ಆದರೆ ಔಟಾಗಿ ಕೂತಾಗ, ಹೆಸರು ಕರೆಯುವವರೆಗೆ ಅವನು ಏಳುತ್ತಿರಲಿಲ್ಲ.

ಓದು ಮುಗಿದ ಮೇಲೆ ನಾನು ಸೋದರಮಾವನ ಬಸ್ಸಿನ ವ್ಯವಹಾರಕ್ಕೆ ಸೇರಿದೆ. ನಮ್ಮದು ಅಳಿಯಕಟ್ಟಿನ ಮನೆ, ಆಸ್ತಿ ಹೋಗುವುದು ಸೋದರಮಾವನಿಂದ ಅಳಿಯನಿಗೆ. ಮಾವನ ಕುರ್ಚಿಯ ಮೇಲೆ ಅಳಿಯನಿಗೆ ಹುಟ್ಟಿನಿಂದಲೇ ಒಂದು ಕಣ್ಣಿರುತ್ತದೆ, ಅಳಿಯನ ಮೇಲೆ ಮಾವನಿಗೆ ಎರಡು ಕಣ್ಣು. ಮಾವನಿಗೆ ನಾಲ್ವರು ಅಕ್ಕತಂಗಿಯರು, ನಾಲ್ಕು ಬಸ್ಸು, ಬಸ್ಸುಗಳಿಗೆ ಅವರದೇ ಹೆಸರು. ನನ್ನಮ್ಮನ ಹೆಸರಿನದು ‘ಗಿರಿಜ’, ತೊಕ್ಕೊಟ್ಟಿನಿಂದ ನೇತ್ರಾವತಿಯ ಸಂಕ, ಅಂದರೆ ಸೇತುವೆ, ದಾಟಿ ಪೇಟೆಯ ಹಂಪನಕಟ್ಟೆಗೆ ಓಡುತ್ತಿತ್ತು. ‘ಗಿರಿಜ ಕೆಟ್ಟು ಸಂಕದ ಮೇಲೆ ನಿಂತಿದ್ದಾಳೆ’ ಎಂದು ಫೋನು ಬಂದರೆ ಅಮ್ಮ ಆ ದಿನ ಮಾವನ ಜೊತೆ ಮಾತು ಬಿಡುತ್ತಿದ್ದಳು.

ಕ್ಯಾಪ್ಟನ್ ಆಗಿದ್ದವನಲ್ಲವೇ, ನನಗೆ ಎಲ್ಲರನ್ನೂ ತಿದ್ದುವ ಹುರುಪು. ಮಾಸ್ಟ್ರು ನಮ್ಮನ್ನು ತಯಾರು ಮಾಡಿದ ಹಾಗೆ ನಾನೂ ಡ್ರೈವರು ಕಂಡಕ್ಟರುಗಳನ್ನು ತಯಾರು ಮಾಡುತ್ತೇನೆ ಎಂದುಕೊಂಡೆ. ಮಾಸ್ಟ್ರಿಂದ ಕಲಿತದ್ದೇನು ಎಂದು ಯೋಚಿಸುವ ಬದಲು ಪೇಟೆಗೆ ಹೋಗಿ ಅವರ ಹತ್ತಿರ ಇಲ್ಲದ ವಸ್ತುವನ್ನೇ ಕೊಂಡು ತಂದೆ: ಒಂದು ವಿಸಿಲ್. ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎರಡು ಮಾತು ಆಡುವ ಯೋಜನೆ. ಕರೆಯಲಿಕ್ಕೆಂದು ಜೋರಾಗಿ ಎರಡು ಸಲ ಊದಿದೆ. ನಮ್ಮೂರಿನ ಬಸ್ಸುಗಳಲ್ಲಿ ಕಂಡಕ್ಟರು ಒಂದು ವಿಸಿಲ್ ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು ಎಂಬುದು ಎಳೆ ಮಕ್ಕಳಿಗೂ ಗೊತ್ತು. ಇಂಜಿನು ಬಿಸಿ ಮಾಡುತ್ತ ಸ್ಟೇರಿಂಗಿನಲ್ಲಿ ಕೂತಿದ್ದ ಇಬ್ಬರು ಡ್ರೈವರುಗಳು ಹಿಂದೆ ಮುಂದೆ ನೋಡದೆ ಬಸ್ಸು ಬಿಟ್ಟರು. ಒಂದು ಬಸ್ಸು ಮೆಕ್ಯಾನಿಕನ ಸಲಕರಣೆ ಪೆಟ್ಟಿಗೆಯ ಮೇಲೆ ಹತ್ತಿ ನಿಂತಿತು. ಇನ್ನೊಂದು ಗೇಟು ದಾಟಿ ರಸ್ತೆಗೆ ಹೋಯಿತು. ಅದರ ಕಂಡಕ್ಟರು ಆಗಲೇ ನನ್ನ ಮುಂದೆ ಬಂದು ನಿಂತಿದ್ದ. “ಅಯ್ಯೋ ದೇವರೇ” ಎಂದು ಚೀಲ ಹಿಡಿದುಕೊಂಡು ಹಿಂದೆ ಓಡಿದ. ಆ ವರ್ಷವಿಡೀ ಶೆಡ್ಡಿನಲ್ಲಿ ನಾನು ಕಾಣಿಸಿಕೊಂಡರೆ ಯಾರಾದರೂ ಒಬ್ಬ ಮೆಲ್ಲಗೆ ಎರಡು ಸಲ ಸಿಳ್ಳೆ ಹಾಕುತ್ತಿದ್ದ.

ನಗುವ ಕಥೆ ಇಲ್ಲಿಗೆ ಮುಗಿಯಿತು. ವಿಸಿಲ್ ಬಿಟ್ಟು ನಾನು ಸ್ಟಾಪ್ ವಾಚಿಗೆ ಬಂದೆ. ಗಲ್ಫಿನಿಂದ ರಜೆಗೆ ಬಂದ ಗೆಳೆಯನೊಬ್ಬ ತಂದುಕೊಟ್ಟದ್ದು. ಅದನ್ನು ಹಿಡಿದುಕೊಂಡು ಒಂದು ವಾರ ‘ಗಿರಿಜ’ದಲ್ಲಿ ಓಡಾಡಿದೆ. ತೊಕ್ಕೊಟ್ಟಿನಿಂದ ಹಂಪನಕಟ್ಟೆಗೆ ಬರುವುದರಲ್ಲಿ ನಾಲ್ಕು ನಿಮಿಷ ಸುಮ್ಮನೆ ಹೋಗುತ್ತಿದೆ ಎಂದು ತೀರ್ಮಾನಿಸಿದೆ. ನಾಲ್ಕು ನಿಮಿಷ ಮೊದಲು ಮುಟ್ಟಿದರೆ ಸ್ಟ್ಯಾಂಡಿನ ಸಾಲಿನಲ್ಲಿ ಇನ್ನೊಂದು ಕಂಪೆನಿಯ ಬಸ್ಸಿಗಿಂತ ಮುಂದೆ ನಿಲ್ಲಬಹುದು. ಹೊಸ ಟೈಮಿಂಗನ್ನು ಟೈಪು ಮಾಡಿಸಿ, ಸಹಿ ಹಾಕಿ, ಆಫೀಸಿನ ಗೋಡೆಯ ಮೊಳೆಗೆ ಚುಚ್ಚಿದೆ.

‘ಗಿರಿಜ’ದ ಡ್ರೈವರು ಲೋಕಯ್ಯಣ್ಣ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯ. ಅವನು ಬಸ್ಸು ನಿಲ್ಲಿಸಿದರೆ ನಿಂತವರ ಕಾಲು ಕದಲುತ್ತಿರಲಿಲ್ಲ. ಗೋಡೆಯ ಹಾಳೆಯನ್ನು ಎರಡು ಸಲ ಓದಿ ನನ್ನ ಮೇಜಿನ ಹತ್ತಿರ ಬಂದ.

“ಸಣ್ಣ ಧನೀ, ಸಂಕದಿಂದ ಈಚೆ ಈ ಟೈಮಿಗೆ ಆಗುದಿಲ್ಲ. ಬೆಳಿಗ್ಗೆ ಸೈಕಲ್ಲಿನವರು ತುಂಬ ಇರ್ತಾರೆ.”

“ಪ್ರಯತ್ನ ಮಾಡಿದ್ರೆ ಆಗ್ತದೆ ಲೋಕಯ್ಯಣ್ಣ. ನಮ್ಮನ್ನು ಮಾಸ್ಟ್ರು ಹೀಗೇ ತಯಾರು ಮಾಡಿದ್ದು.”

ಅದು ಶುದ್ಧ ಸುಳ್ಳು. ಮಾಸ್ಟ್ರ ಹತ್ತಿರವೂ ಒಂದು ಹಳೆ ವಾಚಿತ್ತು ನಿಜ, ಆದರೆ ಅವರು ಅದನ್ನು ನೋಡುತ್ತಿದ್ದದ್ದು ನಮಗೆ ವಿಶ್ರಾಂತಿ ಸಾಕಾಯಿತೋ ಇಲ್ಲವೋ ಎಂದು ತಿಳಿಯಲಿಕ್ಕೆ.

ಮಳೆಗಾಲ ಶುರುವಾದ ವಾರ. ಬೆಳಗಿನ ಹೊತ್ತು, ನೇತ್ರಾವತಿಯ ಸಂಕ ದಾಟಿ ಸ್ವಲ್ಪ ಈಚೆ, ರಸ್ತೆಯ ಮೇಲೆ ಎಣ್ಣೆಯೂ ನೀರೂ ಕಲಸಿ ಜಾರುತ್ತಿತ್ತು. ಲೋಕಯ್ಯಣ್ಣ ಬ್ರೇಕು ಹಾಕಿದ, ಬಸ್ಸು ನಿಲ್ಲದೆ ಪಕ್ಕಕ್ಕೆ ಜಾರಿತು, ಸೈಕಲಿನಲ್ಲಿ ಹೋಗುತ್ತಿದ್ದ ಒಬ್ಬರಿಗೆ ತಾಗಿತು. ತೊಕ್ಕೊಟ್ಟಿನವರೇ, ಫೆಲಿಕ್ಸ್ ಎಂದು, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವಂತೆ ಎಲ್ಲರ ಬಾಯಲ್ಲಿ ಫೆಲಿಕ್ಸ್ ಪೊರ್ಬುಗಳು, ಪೇಟೆಯ ಟೈಲರ್ ಅಂಗಡಿಯೊಂದಕ್ಕೆ ದಿನಾ ಸೈಕಲಿನಲ್ಲಿ ಬರುತ್ತಿದ್ದರು. ಜೀವಕ್ಕೇನೂ ಆಗಲಿಲ್ಲ. ಬಲಗಾಲು ಎರಡು ಕಡೆ ಮುರಿಯಿತು.

ಸುದ್ದಿ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಗೋಡೆಯಿಂದ ಆ ಹಾಳೆಯನ್ನು ಕಿತ್ತು ಡ್ರಾಯರಿನೊಳಗೆ ಹಾಕಿದ್ದು. ಆಸ್ಪತ್ರೆಗೆ ಹೊರಟದ್ದು ಆಮೇಲೆ. ಸಂಜೆ ಲೋಕಯ್ಯಣ್ಣ ಠಾಣೆಯಿಂದ ಆಫೀಸಿಗೆ ಬಂದಾಗ ಅವನ ಕಣ್ಣು ಖಾಲಿ ಮೊಳೆಯ ಮೇಲೆ ಒಂದು ಕ್ಷಣ ನಿಂತದ್ದನ್ನು ನಾನು ಕಂಡೆ. ಅವನು ಮಾವನ ಕಡೆ ತಿರುಗಿ, “ನಂದೇ ತಪ್ಪು ಧನೀ. ಜೋರು ಬಂದೆ” ಎಂದ. ಪೊಲೀಸರ ಹತ್ತಿರವೂ ಹಾಗೇ ಹೇಳಿ ಬಂದಿದ್ದ. ಮಾವ ಆಸ್ಪತ್ರೆಯ ಖರ್ಚೆಲ್ಲ ನೋಡಿಕೊಂಡರು. ಕೇಸು ಒಂದು ರೀತಿಯಲ್ಲಿ ಮುಗಿದು ಲೋಕಯ್ಯಣ್ಣನ ಲೈಸೆನ್ಸು ಉಳಿಯಿತು. ಅಪಘಾತದ ಮರುದಿನದಿಂದಲೇ ‘ಗಿರಿಜ’ ಮತ್ತೆ ಹಳೆಯ ಟೈಮಿನಲ್ಲಿ ಓಡತೊಡಗಿತು. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಲೋಕಯ್ಯಣ್ಣನನ್ನು ಏನು ಮಾಡುವುದು ಎಂಬ ತೀರ್ಮಾನವನ್ನು ಮಾವ ನನಗೇ ಬಿಟ್ಟರು. ನಾನು ಅವನನ್ನು ಸ್ಟೇರಿಂಗಿನಿಂದ ಇಳಿಸಿ ತೊಕ್ಕೊಟ್ಟಿನಲ್ಲಿ ಟೈಮ್ ಕೀಪರ್ ಮಾಡಿದೆ. ಜಂಕ್ಷನ್ನಿನ ಅಂಗಡಿಯೊಂದರ ಬೆಂಚಿನ ಮೇಲೆ ಕೂತು ನಮ್ಮ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಪುಸ್ತಕದಲ್ಲಿ ಬರೆಯುವ ಕೆಲಸ. ಸಂಬಳ ಕಡಿಮೆ ಮಾಡಲಿಲ್ಲ ಎಂದು ನನಗೆ ನನ್ನ ಮೇಲೇ ಅಭಿಮಾನ. ಒಳ್ಳೆಯ ಡ್ರೈವರನೊಬ್ಬ ಬೇರೆಯವರು ಓಡಿಸುವ ಬಸ್ಸಿನ ನಿಮಿಷ ಬರೆಯುತ್ತ ಎಂಟು ತಿಂಗಳು ಕೂತ.

ಅಷ್ಟರಲ್ಲಿ ಮಾವ ಐದನೆಯ ಬಸ್ಸು ತೆಗೆದುಕೊಂಡರು. ಅಕ್ಕತಂಗಿಯರ ಹೆಸರು ಮುಗಿದಿದ್ದರಿಂದ ಅಜ್ಜಿಯ ಹೆಸರಿಟ್ಟರು. ಬಜಪೆಯ ರೂಟು. ಪೂಜೆಯ ದಿನ ಎಲ್ಲರೂ ಶೆಡ್ಡಿಗೆ ಬಂದಿದ್ದರು. ಲೋಕಯ್ಯಣ್ಣನೂ ಬಂದಿದ್ದ, ಇಸ್ತ್ರಿ ಹಾಕಿದ ಖಾಕಿ ಅಂಗಿ ತೊಟ್ಟು. ಟೈಮ್ ಕೀಪರನಿಗೆ ಖಾಕಿ ಬೇಡ. ಅವನು ಎಂಟು ತಿಂಗಳು ಬಿಳಿ ಅಂಗಿಯಲ್ಲೇ ಇದ್ದವನು. ತೆಂಗಿನಕಾಯಿ ಒಡೆದದ್ದಾಯಿತು. ನಾನು ಬೀಗದಕೈಯನ್ನು ಉಮೇಶ ಎಂಬ ಹೊಸ ಡ್ರೈವರನ ಕೈಗೆ ಕೊಟ್ಟೆ. ಲೋಕಯ್ಯಣ್ಣ ಪ್ರಸಾದ ತೆಗೆದುಕೊಂಡು, ಎಲ್ಲರ ಜೊತೆ ನಾಲ್ಕು ಮಾತಾಡಿ, ಮುಂದಿನ ಬಸ್ಸಿನಲ್ಲಿ ತೊಕ್ಕೊಟ್ಟಿಗೆ ಹೋದ.

ಎರಡು ದಿನ ಕಳೆದು ಶೀನ ಮಾಸ್ಟ್ರು ನಮ್ಮ ಆಫೀಸಿಗೆ ಬಂದರು. ಆಗ ಅವರು ನಿವೃತ್ತರಾಗಿ ತೊಕ್ಕೊಟ್ಟಿನ ಕಡೆ ಮನೆ ಮಾಡಿದ್ದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿರುವುದು ಕಂಡು ನಾನು ಎದ್ದು ಓಡಿದೆ.

“ಎಂತ ಮಾಸ್ಟ್ರೇ, ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ ಅಲ್ವಾ?”

ಅವರು ಕೂತು ಬೈರಾಸಿನಿಂದ ಮುಖ ಒರೆಸಿಕೊಂಡರು. “ಹೊಸ ಬಸ್ಸಿಗೆ ಡ್ರೈವರು ಯಾರು?”

“ಉಮೇಶ ಅಂತ. ಒಳ್ಳೆ ಜನ. ಕೈ ಫಾಸ್ಟುಂಟು.”

“ಹೊರಗೆ ಯಾರು ಕೂತಿದ್ದಾರೆ?”

ಮಾಸ್ಟ್ರು ದಿನಾ ಸಂಜೆ ತೊಕ್ಕೊಟ್ಟಿನ ಆ ಬೆಂಚಿನ ಮೇಲೆ ಲೋಕಯ್ಯಣ್ಣನ ಪಕ್ಕದಲ್ಲಿ ಕೂರುತ್ತಾರೆ ಎಂಬುದು ನನಗೆ ಆ ದಿನ ಗೊತ್ತಾಯಿತು. ಎಂಟು ತಿಂಗಳಿಂದ! ನಾನು ಒಂದು ದಿನವೂ ಆ ಬೆಂಚಿನ ಹತ್ತಿರ ಇಳಿದಿರಲಿಲ್ಲ.

“ಮೊನ್ನೆ ಖಾಕಿ ಹಾಕಿಕೊಂಡು ಬಂದಿದ್ದ ಅಂತೆ” ಎಂದರು. ಆಮೇಲೆ, ಸಿಟ್ಟಿಲ್ಲದೆ, “ಅವತ್ತು ವಾಚು ಯಾರ ಕೈಯಲ್ಲಿ ಇತ್ತು ಮಾರಾಯ?”

“ಮಾಸ್ಟ್ರೇ, ಚಾ ಕುಡೀತೀರಾ?” ಎಂದೆ ನಾನು.

ಅವರು ಚಾ ಕುಡಿದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವರು ಒಂದೇ ಸಲ ಕೇಳುವವರು.

ಮರುವಾರ ಉಮೇಶನನ್ನು ‘ಗಿರಿಜ’ಕ್ಕೆ ಹಾಕಿ, ಬಜಪೆಯ ಬಸ್ಸನ್ನು ಲೋಕಯ್ಯಣ್ಣನಿಗೆ ಕೊಟ್ಟೆ. ಮೊದಲ ದಿನ ಅವನು ಬೀಗದಕೈ ಹಾಕಿ, ತಿರುಗಿಸದೆ ಮತ್ತೆ ಹೊರಗೆ ತೆಗೆದ. “ಆಗುದಿಲ್ಲ ಧನೀ, ಇನ್ನೂ ಸ್ವಲ್ಪ ದಿನ ಬೆಂಚಿನಲ್ಲೇ ಇರ್ತೇನೆ” ಎಂದು ಇಳಿಯಲು ನೋಡಿದ. ಆಗ ಮಾಸ್ಟ್ರು ಹಿಂದಿನ ಬಾಗಿಲಿನಿಂದ ಹತ್ತಿ, ಡ್ರೈವರನ ಬೆನ್ನಿಗಿರುವ ಸೀಟಿನಲ್ಲಿ ಕೂತು, “ಬಜಪೆಯಲ್ಲಿ ಬಂಗುಡೆ ಕಡಿಮೆಗೆ ಸಿಗ್ತದೆ ಅಂತ ಹೇಳ್ತಾರೆ, ಹೌದಾ?” ಎಂದು ಶುರುಮಾಡಿದರು. ಕೂಳೂರಿನವರೆಗೆ ಬಂಗುಡೆ ಮೀನಿನ ಮಾತು, ಅಲ್ಲಿಂದ ಮುಂದೆ ಬೂತಾಯಿಯದು. ಹದಿನೈದು ದಿನ ಹೀಗೆ ಹೋಗಿ ಬಂದರು. ಮೊಣಕಾಲು ನೋಯುವ ಮನುಷ್ಯ, ಆ ಗುಡ್ಡದ ತಿರುವುಗಳಲ್ಲಿ. ಹದಿನಾರನೆಯ ದಿನ ಲೋಕಯ್ಯಣ್ಣನೇ ಅವರನ್ನು ಇಳಿಸಿದನಂತೆ, “ಮಾಸ್ಟ್ರೇ, ಮೀನಿನ ಕಥೆ ಸಾಕು, ಮನೆಗೆ ಹೋಗಿ” ಎಂದು. ಆಮೇಲೆ ನಿವೃತ್ತಿಯವರೆಗೂ ಅವನು ಆ ರೂಟಿನಲ್ಲಿ ಒಂದು ಗೀರು ಕೂಡ ಮಾಡಲಿಲ್ಲ.

ಮಾಸ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಐದು ಬಸ್ಸು ಹದಿನೆಂಟಾದವು. ನಾನು ಮಾವನ ಕುರ್ಚಿಯ ಮೇಲೆ ಕೂತೆ, ಊರಿನಲ್ಲಿ ನಾಲ್ಕು ಜನ ಕರೆದು ಮಾತಾಡಿಸುವವನಾದೆ. ಕರೆದಲ್ಲೆಲ್ಲ ನಾನು ಹೇಳುತ್ತಿದ್ದದ್ದು ಈ ಕಥೆಯನ್ನೇ. ಕಬಡ್ಡಿಯ ಸರದಿಯ ನಿಯಮ, ಮಾಸ್ಟ್ರು ಹೊರಗೆ ಕೂತವರ ಪಕ್ಕ ಕೂರುತ್ತಿದ್ದದ್ದು, ತಪ್ಪು ಮಾಡಿದ ಒಬ್ಬ ಡ್ರೈವರನಿಗೆ ನಾನು ಮತ್ತೆ ಅವಕಾಶ ಕೊಟ್ಟದ್ದು. ಕೊನೆಗೆ, ನಾಯಕನಾದವನು ಬಿದ್ದವನನ್ನು ಎತ್ತಬೇಕು ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ವಾಚು, ಗೋಡೆಯ ಹಾಳೆ, ಡ್ರಾಯರು ಕಥೆಯಲ್ಲಿ ಇರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಹೇಳಿ ಹೇಳಿ ನನಗೇ ಅವು ಮರೆತಂತಾಗಿದ್ದವು.

ಫಳ್ನೀರಿನ ಸಭಾಂಗಣದಲ್ಲೂ ಅದನ್ನೇ ಹೇಳಿದೆ. ಚಪ್ಪಾಳೆಯೂ ಬಿತ್ತು. ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಒಬ್ಬಳು ಕೈಯೆತ್ತಿದಳು. ಯಾವುದೋ ಗೋಡಂಬಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅಂತೆ.

“ಸರ್, ಆ ಡ್ರೈವರಿಗೆ ಅವತ್ತು ಅಷ್ಟು ಅರ್ಜೆಂಟ್ ಎಂತ ಇತ್ತು?”

“ಮಳೆ ಇತ್ತಮ್ಮ, ರೋಡು ಜಾರ್ತಿತ್ತು” ಎಂದೆ.

“ಮಳೆ ಇದ್ರೆ ನಿಧಾನ ಹೋಗ್ತಾರಲ್ವಾ ಸರ್?”

ಚುಚ್ಚುವ ಉದ್ದೇಶ ಅವಳಿಗಿರಲಿಲ್ಲ. ಕೆಲಸದ ಜಾಗದಲ್ಲಿ ಏನಾದರೂ ಕೆಟ್ಟರೆ ಕೇಳುವ ಹಾಗೆ ಕೇಳಿದಳು. ತರಬೇತುದಾರ ಗಡಿಯಾರ ತೋರಿಸಿ ನನ್ನನ್ನು ಪಾರು ಮಾಡಿದ. ನಾನು ಊಟ ಮಾಡದೆ ಮನೆಗೆ ಬಂದೆ. ಮೂರು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ನಾಚಿಕೆಯಾಗುತ್ತಿತ್ತು. ಈ ವಯಸ್ಸಿನಲ್ಲಿ ನಾಚಿಕೆ ಇಷ್ಟು ಹಸಿಯಾಗಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಬಜಪೆಗೆ ಹೋದೆ. ಲೋಕಯ್ಯಣ್ಣ ಅಲ್ಲಿ ಮಗಳ ಮನೆಯಲ್ಲಿದ್ದಾನೆ. ಎಂಬತ್ತು ದಾಟಿದೆ, ಕಿವಿ ಮಂದ. ಜಗಲಿಯಲ್ಲಿ ಕೂತು, ಅವನ ಕಿವಿಯ ಹತ್ತಿರ ಬಾಗಿ, ಟೈಮಿಂಗು ಕಡಿಮೆ ಮಾಡಿದ್ದು ನಾನು, ಹಾಳೆ ಕಿತ್ತು ಬಚ್ಚಿಟ್ಟದ್ದು ನಾನು, ತಪ್ಪು ನನ್ನದು ಎಂದೆ. ಗುಟ್ಟಾಗಿ ಹೇಳಬೇಕಾದ ಮಾತನ್ನು ಕೂಗಿ ಹೇಳಬೇಕಾಯಿತು. ಒಳಗೆ ಅವನ ಮಗಳು ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

“ನನಗೆ ಗೊತ್ತುಂಟಲ್ಲ ಧನೀ” ಎಂದ ಅವನು. “ಫೆಲಿಕ್ಸ್ ಪೊರ್ಬುಗಳ ಹತ್ರ ಹೇಳಿದ್ರಾ?”

“ಇಲ್ಲ.”

“ನಾನೂ ಹೇಳಲಿಲ್ಲ. ಅದು ನೀವು ಹೇಳುವ ಮಾತಲ್ವಾ?” ಎಂದವನು ಮಗಳ ಕಡೆ ತಿರುಗಿ, ಹೊರಡಲಿಕ್ಕೆ ಅಂಗಿ ಕೇಳಿದ.

ಇಬ್ಬರೂ ತೊಕ್ಕೊಟ್ಟಿಗೆ ಹೋದೆವು. ಕಾಲು ಮುರಿದ ಮೇಲೆ ಫೆಲಿಕ್ಸರಿಗೆ ಸಂಕ ದಾಟಿ ಸೈಕಲಿನಲ್ಲಿ ಬರುವುದು ಆಗದೆ, ಜಂಕ್ಷನ್ನಿನ ಒಳರಸ್ತೆಯಲ್ಲಿ ಸಣ್ಣ ಟೈಲರ್ ಅಂಗಡಿ ಇಟ್ಟಿದ್ದಾರೆ. ಬಲಗಾಲು ಮಡಚುವುದಿಲ್ಲ, ಅದನ್ನೊಂದು ಸ್ಟೂಲಿನ ಮೇಲೆ ಚಾಚಿ, ಎಡಗಾಲೊಂದರಲ್ಲೇ ಮಿಶನ್ ತುಳಿಯುತ್ತಾರೆ. ಲೋಕಯ್ಯಣ್ಣನನ್ನು ಕಂಡ ಕೂಡಲೇ ಅವರ ಮುಖ ಅರಳಿತು. ನನ್ನ ಗುರುತು ಹಿಡಿಯಲಿಲ್ಲ. ನಾನು ಯಾರು ಎಂದು ಹೇಳಿ, ಬಂದ ವಿಷಯ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕೈಕೊಟ್ಟು ನಾಲ್ಕೇ ವಾಕ್ಯದಲ್ಲಿ ಮುಗಿದುಹೋಯಿತು.

ಅವರು ಹೊಲಿಯುತ್ತಿದ್ದ ಬಟ್ಟೆಯನ್ನು ಮಿಶನ್ನಿನ ಮೇಲೆಯೇ ಬಿಟ್ಟು ಲೋಕಯ್ಯಣ್ಣನನ್ನು ನೋಡಿದರು.

“ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಬರ್ತೀಯ. ಪ್ರತಿ ವರ್ಷ ತಪ್ಪಾಯ್ತು ಅಂತ ಹೇಳ್ತೀಯ. ನಾನು ಪರವಾಗಿಲ್ಲ ಅಂತ ಹೇಳ್ತೇನೆ. ಹಾಗಾದ್ರೆ ಇಷ್ಟು ವರ್ಷ ನಾನು ಕ್ಷಮಿಸಿದ್ದು ಯಾರನ್ನು ಲೋಕಯ್ಯಣ್ಣ?”

ಲೋಕಯ್ಯಣ್ಣನಿಗೆ ಕೇಳಿಸಿತೋ ಇಲ್ಲವೋ, ಅವನು ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನೋಡುತ್ತಿದ್ದ. ಫೆಲಿಕ್ಸರು ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಗಿರಾಕಿಗಳಿಗಾಗಿ ಇಟ್ಟಿದ್ದ ಮರದ ಬೆಂಚನ್ನು ಪಕ್ಕದಲ್ಲಿದ್ದ ತಮ್ಮ ಊರುಗೋಲಿನಿಂದ ತೋರಿಸಿದರು.

“ನಿಮ್ಮ ವಿಷಯಕ್ಕೆ ನನಗೆ ಸ್ವಲ್ಪ ಹೊತ್ತು ಬೇಕು. ಕೂತ್ಕೊಳ್ಳಿ.”

ನಾನು ಕೂತೆ. ಅವರು ಮತ್ತೆ ಮಿಶನ್ ತುಳಿಯತೊಡಗಿದರು.